ಗದ್ದೆಯಾಚೆಯ ದೀಪ ಕಾಣುವವರೆಗೆ

ದೊಡ್ಡ ಸುದ್ದಿಗಳು ಮೂಡುಬಿದಿರೆಗೆ ಬರುವಾಗ ಯಾವಾಗಲೂ ಸ್ವಲ್ಪ ತಣ್ಣಗಾಗಿರುತ್ತವೆ. ಅಮೆರಿಕದಲ್ಲಿ ಯಾರೋ ಯಾರ ಕಿವಿಯಲ್ಲೋ ಹೇಳಿ, ಅದು ಪೇಪರಿನವರ ಬಾಯಿಗೆ ಬಿದ್ದು, ಬೆಂಗಳೂರಿನ ಆಫೀಸು ಅದನ್ನು ಚೆನ್ನಾಗಿ ಜಗಿದು, ಕೊನೆಗೆ ಇಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಸಣ್ಣ ಆಫೀಸಿಗೆ ತಲಪುವಾಗ ಅದರಲ್ಲಿ ರಸವೇ ಉಳಿದಿರುವುದಿಲ್ಲ. ಹಾಗಾಗಿ ತಾನು ಕೆಲಸ ಮಾಡುವ ಚಿಪ್ ಕಂಪೆನಿಯನ್ನು ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಇನ್ನೊಂದು ಕಂಪೆನಿ ಕೊಂಡುಕೊಳ್ಳಬಹುದಂತೆ ಎಂಬ ಮಾತು ಶಹಲಾಳಿಗೆ ಮೊದಲು ಗೊತ್ತಾದದ್ದು ಆಫೀಸಿನಿಂದಲ್ಲ, ಕೆಳಗಿನ ಹೋಟೆಲಿನ ಹಿಶಾಮನಿಂದ.

ರಂಜಾನ್ ಉಪವಾಸದ, ನೋಂಬಿನ ತಿಂಗಳು ಇನ್ನೂ ಶುರುವಾಗಿರಲಿಲ್ಲ. ಚಾದ ಲೋಟ ಮುಂದಿಡುತ್ತಾ ಅವನು, ನಿಮ್ಮ ಕಂಪೆನಿಗೆ ಭಾರೀ ಸಂಬಂಧವೇ ಕುದುರಿದ ಹಾಗುಂಟಲ್ಲ, ಊಟ ಯಾವಾಗ ಎಂದು ಕೇಳಿದ. ಶಹಲಾ ಏನೋ ತಮಾಷೆ ಎಂದುಕೊಂಡು ನಕ್ಕಳು. ಅವನು ಮೊಬೈಲು ತಿರುಗಿಸಿ ತೋರಿಸಿದಾಗ ನಗು ಅಲ್ಲಿಗೇ ನಿಂತಿತು. ಆಮೇಲೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಭಾಷೆ. ದೊಡ್ಡ ಕಂಪೆನಿ ಗಂಡಿನ ಕಡೆಯಾಯಿತು, ತಾವು ಹೆಣ್ಣಿನ ಕಡೆಯಾದರು. ಗಂಡಿನ ಕಡೆಯವರು ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ. ಹೆಣ್ಣಿನ ಕಡೆಯ ಹಿರಿಯರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ಬೆಳ್ತಂಗಡಿಯಿಂದ, ಬಂಟ್ವಾಳದಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರು ಮಾತ್ರ, ಮದುವೆಯಾದ ಮೇಲೆ ನಮ್ಮನ್ನೂ ಆ ಮನೆಗೆ ಕರೆದುಕೊಂಡು ಹೋಗುತ್ತಾರೋ, ಇಲ್ಲೇ ಚಪ್ಪರದ ಅಡಿಯಲ್ಲಿ ಬಿಟ್ಟು ಹೋಗುತ್ತಾರೋ ಎಂದು ತಲೆಬಿಸಿ ಮಾಡಿಕೊಂಡರು.

ಶಹಲಾಳ ತಲೆಬಿಸಿ ಬೇರೆ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಅವಳ ಕೈಯಲ್ಲಿ ಅಷ್ಟು ವಿದ್ಯೆ ಉಂಟು. ಅವಳನ್ನು ಕಾಡಿದ್ದು ಒಂದು ಚಿಪ್. ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರದೊಳಗೆ ಕೂರಬೇಕಾದದ್ದು, ಕುಚ್ಚಲಕ್ಕಿಯ ಕಾಳಿಗಿಂತ ಸಣ್ಣದು. ವರ್ಷಗಳಿಂದ ಅವಳ ವಾಸವೇ ಅದರೊಳಗೆ. ಇನ್ನೇನು ತೈವಾನಿನ ಕಾರ್ಖಾನೆಗೆ ಹೊರಡಬೇಕು ಎನ್ನುವಾಗ ಈ ಸಂಬಂಧ ಬಂತು. ಗಂಡಿನ ಕಡೆಯವರ ಹತ್ತಿರ ಇದೇ ಕೆಲಸದ ಚಿಪ್ ಆಗಲೇ ಉಂಟು. ಆದ್ದರಿಂದ ಮಾತುಕತೆಯ ಸುದ್ದಿ ಕಂಪೆನಿಯ ಬಾಯಿಂದಲೇ ಹೊರಬಿದ್ದ ಗಳಿಗೆಯಿಂದ ಕಾರ್ಖಾನೆಗೆ ಹೊಸದೇನೂ ಹೋಗುವಂತಿಲ್ಲ ಎಂದು ವಕೀಲರು ಹೇಳಿದ್ದಾರಂತೆ. ಅದಕ್ಕೆ ಮೊದಲು ಹೋದದ್ದಕ್ಕೆ ಅಡ್ಡಿಯಿಲ್ಲ. ಹೊಸಿಲು ದಾಟಿದರೆ ಚಿಪ್ ಬದುಕಿತು, ದಾಟದಿದ್ದರೆ ಕಪಾಟಿನ ಪಾಲು.

ಅದರಲ್ಲಿ ಅವಳ ಕೆಲಸ ಏನೆಂದು ಹೇಳಬೇಕಲ್ಲ. ಚಿಪ್ಪಿನೊಳಗೆ ಲಕ್ಷಗಟ್ಟಲೆ ಸಣ್ಣ ಮನೆಗಳುಂಟು ಎಂದಿಟ್ಟುಕೊಳ್ಳಿ. ಅವೆಲ್ಲ ಒಂದೇ ಗಳಿಗೆಗೆ ಬಾಗಿಲು ತೆರೆಯಬೇಕು, ಒಂದೇ ಗಳಿಗೆಗೆ ಮುಚ್ಚಬೇಕು. ಒಂದು ಮನೆ ಹಿಂದೆ ಮುಂದೆ ಆದರೂ ಇಡೀ ಊರಿನ ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ನಡುವಿನಿಂದ ಒಂದು ತಾಳ ಹೊರಟು ಎಲ್ಲ ಮೂಲೆಗಳಿಗೂ ಹೋಗುತ್ತಿರುತ್ತದೆ, ಅದನ್ನು ಆಫೀಸಿನವರು ಕ್ಲಾಕ್ ಎನ್ನುತ್ತಾರೆ. ತೊಂದರೆ ಏನೆಂದರೆ ತಾಳ ಹತ್ತಿರದ ಮನೆಗೆ ಬೇಗ ಮುಟ್ಟುತ್ತದೆ, ದೂರದ ಮನೆಗೆ ತಡವಾಗಿ. ದೂರಕ್ಕೆ ಹೋಗುವುದನ್ನು ಓಡಿಸಹೋದರೆ ಬ್ಯಾಟರಿ ಬೇಗ ಖಾಲಿ. ಹಾಗಾದರೆ ಉಳಿದದ್ದು ಒಂದೇ ದಾರಿ, ಹತ್ತಿರದವರನ್ನು ತುಸು ಕಾಯಿಸುವುದು. ಅವರ ದಾರಿಯನ್ನು ಬೇಕೆಂದೇ ಸುತ್ತಿಬಳಸಿ, ದೂರದ ಮನೆಗೆ ತಾಳ ಮುಟ್ಟುವ ಗಳಿಗೆಗೇ ಇವರಿಗೂ ಮುಟ್ಟುವಂತೆ ಮಾಡುವುದು. ಕಾಲೇಜಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ ದಿನ ಶಹಲಾ ಕಿಸಕ್ಕನೆ ನಕ್ಕು ಬೈಸಿಕೊಂಡಿದ್ದಳು. ಅವಳಿಗೆ ಅಜ್ಜನ ನೆನಪಾಗಿತ್ತು.

ಅಜ್ಜ ಮೂಸಬ್ಬ ಒಂದು ಕಾಲದಲ್ಲಿ ಪುತ್ತಿಗೆಯ ಪಳ್ಳಿಯಲ್ಲಿ, ಅಂದರೆ ಮಸೀದಿಯಲ್ಲಿ, ನಮಾಜಿಗೆ ಕರೆಯುವ ಬಾಂಗ್ ಕೊಡುತ್ತಿದ್ದವರು. ಮೈಕ್ ಇರಲಿಲ್ಲ. ನೋಂಬಿನ ತಿಂಗಳಲ್ಲಿ ಸೂರ್ಯ ಮುಳುಗಿದೊಡನೆ ಅವರು ನಗಾರಿ ಬಡಿದು ಬಾಂಗ್ ಕೊಟ್ಟರೆ ಪಳ್ಳಿಯ ಬುಡದ ಮನೆಗಳಿಗೆ ಚೆನ್ನಾಗಿ ಕೇಳುತ್ತಿತ್ತು. ಗದ್ದೆ ದಾಟಿ, ತೋಡು ದಾಟಿ, ಎದುರು ಗುಡ್ಡೆಯ ಮೇಲಿದ್ದ ಅಬ್ದುಲ್ ಶುಕೂರರ ಮನೆಗೆ ಮಾತ್ರ ಗಾಳಿ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಸಂಜೆ ಆ ಮನೆಯವರು ಬಾಂಗ್ ಕೇಳಲಿಲ್ಲವಲ್ಲ ಎಂದು ಕತ್ತಲು ಕವಿಯುವವರೆಗೆ ಖಾಲಿ ಹೊಟ್ಟೆಯಲ್ಲಿ ಕೂತಿದ್ದರಂತೆ. ಅದು ಗೊತ್ತಾದಾಗ ಅಜ್ಜನಿಗೆ ತಾವು ಮೊದಲೇ ತಿಂದದ್ದಕ್ಕೆ ನಾಚಿಕೆಯಾಯಿತು. ಮರುದಿನವೇ ಒಂದು ಕ್ರಮ ಮಾಡಿದರು. ಬಾಂಗ್ ಕೇಳಿದೊಡನೆ ಶುಕೂರರ ಮನೆಯವರು ಅಂಗಳದ ಕಟ್ಟೆಯಲ್ಲಿ ದೀಪ ಇಡಬೇಕು. ಆ ದೀಪ ಕಾಣುವವರೆಗೆ ಈಚೆಯವರು ಖರ್ಜೂರವನ್ನು ಕೈಯಲ್ಲೇ ಹಿಡಿದುಕೊಂಡಿರಬೇಕು. ಕಾಣದಿದ್ದರೆ ಯಾರಾದರೊಬ್ಬರು ಗದ್ದೆಗಿಳಿದು ಕೂಗಿ ಬರಬೇಕು.

ಪಳ್ಳಿಗೆ ಹೊಸದಾಗಿ ಬಂದ ಧರ್ಮಗುರುಗಳಾದ ಉಸ್ತಾದರು, ಹೊತ್ತಾದ ಮೇಲೆ ನೋಂಬು ಬಿಡಲು ತಡಮಾಡುವುದು ಸರಿಯಲ್ಲವಲ್ಲ ಎಂದು ಮೆಲ್ಲಗೆ ಹೇಳಿ ನೋಡಿದರು. ತಡ ಎಲ್ಲಿ ಉಸ್ತಾದರೇ, ನಾಲ್ಕು ಉಸಿರು, ಅಷ್ಟರಲ್ಲಿ ದೇವರಲ್ಲಿ ಒಂದು ದುಆ ಮಾಡಿ ಎಂದರು ಅಜ್ಜ. ಉಸ್ತಾದರೂ ಕಾದರು.

ಈಗ ಅದೆಲ್ಲ ಯಾರಿಗೆ ಬೇಕು. ಮೈಕ್ ಬಂದಿದೆ, ಪ್ರತಿಯೊಬ್ಬರ ಕಿಸೆಯಲ್ಲೂ ಮೊಬೈಲು ಬಾಂಗ್ ಕೊಡುತ್ತದೆ. ಅಜ್ಜನ ಕಿವಿಯೇ ಹೋಗಿಬಿಟ್ಟಿದೆ. ಒಂದು ಕಿವಿಯ ಯಂತ್ರ ತಂದುಕೊಟ್ಟದ್ದೂ ಆಯಿತು. ಅದು ಕುಂಯ್ಯೆಂದು ಕೂಗುತ್ತದೆ, ಮಧ್ಯಾಹ್ನಕ್ಕೇ ಸತ್ತುಹೋಗುತ್ತದೆ ಎಂದು ಅಜ್ಜ ಅದನ್ನು ವೀಳ್ಯದೆಲೆಯ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು. ಕ್ರಮ ಮಾತ್ರ ಬಿಡಲಿಲ್ಲ. ಸಂಜೆ ಜಗಲಿಯಲ್ಲಿ ಕೂತು, ಕೈಯಲ್ಲಿ ಖರ್ಜೂರ ಹಿಡಿದು, ಎದುರು ಗುಡ್ಡೆಯನ್ನೇ ನೋಡುತ್ತಾರೆ. ದೀಪ ಕಂಡೊಡನೆ ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಬಾಯಿಗಿಡುತ್ತಾರೆ. ಆಮೇಲೆ ಮನೆಯವರೆಲ್ಲ. ಶುಕೂರರ ಸಂಸಾರ ಬಾಗಿಲಿಗೆ ಬೀಗ ಹಾಕಿ ಮಂಗಳೂರಿಗೆ ಹೋಗಿ ಬಹಳ ಕಾಲವಾಗಿದೆ. ಅಲ್ಲೀಗ ದಾರಿಯ ಬದಿಯಲ್ಲಿ ಪಂಚಾಯತಿನವರು ನಿಲ್ಲಿಸಿದ ಸೋಲಾರ್ ದೀಪದ ಕಂಬ ಉಂಟು, ಮುಸ್ಸಂಜೆಗೆ ತನ್ನಿಂತಾನೆ ಹೊತ್ತಿಕೊಳ್ಳುತ್ತದೆ. ಇದನ್ನು ಅಜ್ಜನಿಗೆ ಯಾರೂ ಹೇಳಿಲ್ಲ. ಪಾಪ, ಆ ಒಂದು ಸಂತೋಷವನ್ನು ಯಾಕೆ ಕಸಿದುಕೊಳ್ಳಬೇಕು ಎಂದು ಶಹಲಾಳ ತಾಯಿ, ಅವಳ ಉಮ್ಮ, ಜುಲೈಕಾ ಎಲ್ಲರಿಗೂ ತಾಕೀತು ಮಾಡಿದ್ದರು.

ಬೆಳಿಗ್ಗೆ ಪುತ್ತಿಗೆಯಿಂದ ಬಸ್ಸು ಹತ್ತಿ ಕಿಟಕಿಗೆ ತಲೆಯಾನಿಸಿದರೆ ಸಾಕು, ಶಹಲಾ ಚಿಪ್ಪಿನೊಳಗೆ ಹೋಗಿಬಿಡುತ್ತಿದ್ದಳು. ಅಲ್ಲಿ ಸದಾ ಮುಸ್ಸಂಜೆಯ ಬೆಳಕು. ತಾಮ್ರದ ದಾರಿಗಳು ಒಂದರ ಮೇಲೊಂದು ಹಾದುಹೋಗುತ್ತವೆ, ಧೂಳಿಲ್ಲ, ಹಾರ್ನ್ ಇಲ್ಲ. ಮುಂದೆ ಅಜ್ಜ, ಎಳೆ ಪ್ರಾಯದ ಅಜ್ಜ, ಹೆಗಲಿಗೆ ನಗಾರಿ ಹಾಕಿಕೊಂಡು ನಡೆಯುತ್ತಾರೆ. ಪ್ರತಿ ತಿರುವಿನಲ್ಲೂ ನಿಂತು, ಇಲ್ಲಿಯವರು ಸ್ವಲ್ಪ ಕಾಯಿರಿ ಎಂದು ಬಾಗಿಲು ಬಾಗಿಲಿಗೆ ಹೇಳುತ್ತಾರೆ. ಅವಳು ಹಿಂದಿನಿಂದ ದಾರಿಗಳನ್ನು ಬಳಸಿ ಬಳಸಿ ಹಾಸುತ್ತಾಳೆ. ಎಲ್ಲಕ್ಕಿಂತ ಕೊನೆಯ ಮೂಲೆಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೊಂದು ದೀಪ. ಅದು ಹೊತ್ತಿಕೊಂಡ ಗಳಿಗೆಗೆ ಇಡೀ ಊರಿನ ಬಾಗಿಲುಗಳು ಒಟ್ಟಿಗೇ ತೆರೆಯುತ್ತವೆ. ಆ ಸದ್ದನ್ನು ಅಜ್ಜ ಕೇಳಿಸಿಕೊಂಡು ತಲೆದೂಗುತ್ತಾರೆ. ಅಷ್ಟರಲ್ಲಿ ಕಂಡಕ್ಟರ್ ಟಿಕೆಟಿಗೆ ಕೈ ಚಾಚಿದರೆ ಅವಳಿಗೆ ಅಳುವೇ ಬರುತ್ತಿತ್ತು. ಚಿಪ್ ಅಂಗಡಿಗೆ ಬರುವಾಗ ಅಜ್ಜ ಇರುತ್ತಾರೋ ಇಲ್ಲವೋ, ತಾನು ಇದನ್ನು ಅಜ್ಜನಿಗೆಂದು ಮಾಡುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಳ್ಳು ಎಂದು ಅವಳಿಗೇ ಗೊತ್ತಿತ್ತು.

ನೋಂಬು ಅರ್ಧ ಕಳೆದ ಮೇಲೆ ಒಂದು ಸಂಜೆ, ವಿಟ್ಲದ ವೇಣುಗೋಪಾಲ, ಅಂದರೆ ಈ ಆಫೀಸನ್ನು ನೋಡಿಕೊಳ್ಳುವವರು, ಬೆಂಗಳೂರಿನ ಫೋನು ಕೆಳಗಿಟ್ಟು ನೇರ ಶಹಲಾಳ ಮೇಜಿಗೆ ಬಂದರು. ಅಮೆರಿಕದಲ್ಲಿ ಈಗ ಬೆಳಗಾಗುತ್ತಾ ಉಂಟು, ಅಲ್ಲಿಯ ಷೇರು ಪೇಟೆ ತೆರೆಯುವ ಮೊದಲು ಸುದ್ದಿ ಹೊರಬೀಳುತ್ತದಂತೆ, ಚಿಪ್ ಕಳಿಸುವುದಾದರೆ ಈಗಲೇ ಎಂದರು.

ಕಳಿಸುವುದೆಂದರೆ ಪೆಟ್ಟಿಗೆ ಕಟ್ಟಿ ಕಳಿಸುವುದಲ್ಲ, ಚಿಪ್ಪಿನ ನಕ್ಷೆ ಕಂಪ್ಯೂಟರಿನಿಂದಲೇ ಕಾರ್ಖಾನೆಗೆ ಹೋಗುತ್ತದೆ. ಪರದೆಯ ಮೇಲೆ ಚಿಪ್ಪಿನ ಒಂದೊಂದು ಭಾಗಕ್ಕೂ ಒಂದೊಂದು ಸಣ್ಣ ದೀಪ. ಆ ಭಾಗದವರು ನೋಡಿ, ಸರಿಯುಂಟು ಎಂದರೆ ಅದು ಹಸಿರಾಗುತ್ತದೆ. ಎಲ್ಲವೂ ಹಸಿರಾದ ಮೇಲೆ ಕೊನೆಗೆ ಕ್ಲಾಕಿನವಳು ಒತ್ತಬೇಕು. ಒಂದೊಂದಾಗಿ ಎಲ್ಲ ಹಸಿರಾದವು, ಒಂದನ್ನು ಬಿಟ್ಟು. ಅದು ಭವಿತನದು. ತೀರ ಕೊನೆಯ ಮೂಲೆ ಅವನ ಪಾಲು. ಮಧ್ಯಾಹ್ನ ಅಲ್ಲಿ ಒಂದು ಸಣ್ಣ ದಾರಿ ಬದಲಾಯಿಸಿದ್ದ, ಅದರ ಪರೀಕ್ಷೆ ಇನ್ನೂ ನಡೆಯುತ್ತಿತ್ತು. ಅವನು ಆ ವಾರ ವಾಮದಪದವಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಫೋನು ಮಾಡಿದರೆ ತಾಗುವುದಿಲ್ಲ. ಅಲ್ಲಿ ಕರೆಂಟು ಹೋಗಿದೆ, ಕರೆಂಟಿನ ಹಿಂದೆಯೇ ಟವರೂ ಹೋಗಿದೆ.

ವೇಣುಗೋಪಾಲರು ಎರಡು ಸಲ ಗಡಿಯಾರ ನೋಡಿದರು. ಆಮೇಲೆ ತುಂಬ ತಗ್ಗಿದ ಸ್ವರದಲ್ಲಿ ಹೇಳಿದರು.

"ಶಹಲಾ, ಭವಿತನ ಪರವಾಗಿ ನೀವೇ ಒತ್ತಿಬಿಡಿ. ಅವನ ಕೆಲಸದಲ್ಲಿ ಇಷ್ಟರವರೆಗೆ ತಪ್ಪು ಬಂದದ್ದುಂಟಾ?"

ಇಲ್ಲ, ಬಂದದ್ದಿಲ್ಲ. ಒತ್ತುವ ಅಧಿಕಾರವೂ ಅವಳಿಗೆ ಉಂಟು. ಮೌಸಿನ ಬಾಣವನ್ನು ಆ ದೀಪದ ಮೇಲೆ ತಂದು ನಿಲ್ಲಿಸಿದಳು. ಅದೇ ಗಳಿಗೆಗೆ ಪೇಟೆಯ ಮಸೀದಿಯಿಂದ ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ಬಾಂಗ್ ಶುರುವಾಯಿತು. ಪಕ್ಕದ ಮೇಜಿನ ರಶೀನಾ ಅವಳ ಎಡಗೈಗೆ ಒಂದು ಖರ್ಜೂರ ಇಟ್ಟು ನೀರಿನ ಲೋಟ ಸರಿಸಿದಳು. ಏನಾಯಿತೆಂದು ಶಹಲಾಳಿಗೆ ಆಮೇಲೆಯೂ ಸರಿಯಾಗಿ ಹೇಳಲು ಬರಲಿಲ್ಲ. ಬಾಂಗ್ ಕೇಳಿದೊಡನೆ ಎರಡು ಕೈಗಳೂ ನಿಂತವು. ಕೂಸಾಗಿದ್ದಾಗಿನಿಂದ ನಿಂತು ನಿಂತು ರೂಢಿಯಾದ ಕೈಗಳು. ಒಂದರಲ್ಲಿ ಖರ್ಜೂರ, ಇನ್ನೊಂದು ಗುಂಡಿಯ ಮೇಲೆ, ಕಣ್ಣು ಮಾತ್ರ ಭವಿತನ ಇನ್ನೂ ಹಸಿರಾಗದ ಆ ಬಿಳಿ ಚುಕ್ಕೆಯಲ್ಲಿ. ಆಚೆ ಮನೆಯಲ್ಲಿ ದೀಪ ಕಾಣುತ್ತಿಲ್ಲ.

"ಸ್ವಲ್ಪ ಕಾಯುವ ಸರ್," ಎಂದಳು.

ವೇಣುಗೋಪಾಲರು ಬೇಡಿಕೊಂಡರು. ಬೆಂಗಳೂರಿನಿಂದ ಮತ್ತೆ ಫೋನು ಬಂತು. ಬಾಂಗ್ ಮುಗಿಯಿತು, ಕಿಟಕಿಯ ಹೊರಗಿನ ಕೆಂಪು ಬೂದಿಯಾಯಿತು. ಎಲ್ಲರೂ ಅವಳ ಹಿಂದೆ ಬಂದು ನಿಂತಿದ್ದಾರೆಂದು ಅವಳಿಗೆ ಗೊತ್ತಿತ್ತು, ಆದರೆ ಅವಳು ಅಲ್ಲಿರಲಿಲ್ಲ, ಜಗಲಿಯಲ್ಲಿದ್ದಳು. ಆಗ ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ಎರಡು ಕಂಪೆನಿಗಳು ಖರೀದಿಯ ಸಾಧ್ಯತೆಯ ಬಗ್ಗೆ ಮಾತಾಡುತ್ತಿವೆ, ಮುಂದಿನ ಸೂಚನೆಯವರೆಗೆ ಎಲ್ಲ ಹೊಸ ಕಳಿಸುವಿಕೆಗಳನ್ನು ನಿಲ್ಲಿಸಲಾಗಿದೆ. ಅವಳ ಬಾಣದ ಕೆಳಗಿನ ಗುಂಡಿ ಬಣ್ಣಗೆಟ್ಟು ಮಸುಕಾಯಿತು. ಒತ್ತಿದಳು. ಮತ್ತೆ ಒತ್ತಿದಳು. ಸತ್ತವರ ಕೈ ಅದುಮಿದ ಹಾಗೆ.

ಯಾರೂ ಕುರ್ಚಿಗೆ ವಾಪಸು ಹೋಗುವ ಮೊದಲೇ ಭವಿತನ ದೀಪ ಹಸಿರಾಯಿತು. ಎಲ್ಲವೂ ಸರಿಯಿತ್ತು. ತಪ್ಪು ಎಳ್ಳಷ್ಟೂ ಇರಲಿಲ್ಲ.

ಒಂದಾದರೂ ತಪ್ಪು ಇರಬಾರದಿತ್ತೇ ಎಂದು ಶಹಲಾ ಮನಸ್ಸಿನಲ್ಲೇ ಗೋಗರೆದಳು. ಇದ್ದಿದ್ದರೆ ಕಾದದ್ದಕ್ಕೆ ಒಂದು ಅರ್ಥ ಬರುತ್ತಿತ್ತು, ಜನ ಶಹಬ್ಬಾಸ್ ಎನ್ನುತ್ತಿದ್ದರು. ವೇಣುಗೋಪಾಲರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕರೆಂಟಿನ ಸಮಸ್ಯೆಯಿಂದ ತಡವಾಯಿತು ಎಂದು ಬೆಂಗಳೂರಿಗೆ ಹೇಳಿ, ನೀವು ಮೊದಲು ನೋಂಬು ಬಿಡಿ ಎಂದು ನೀರಿನ ಲೋಟವನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದರು.

ಮನೆಗೆ ಬಂದಾಗ ಉಮ್ಮ ನೋಂಬು ಬಿಟ್ಟ ಮೇಲೆ ಕುಡಿಯುವ ತರಿಗಂಜಿ ಮುಚ್ಚಿಟ್ಟಿದ್ದರು. ಅವಳು ಅದನ್ನು ಹಾಗೆಯೇ ಬಿಟ್ಟಳು. ಜಗಲಿಗೆ ಹೋಗಿ ಅಜ್ಜನ ಎದುರು ಕೂತಳು. ಅಜ್ಜ ತುಟಿ ನೋಡಿ ಮಾತು ಹಿಡಿಯುತ್ತಾರೆ, ಹಾಗಾಗಿ ಅವರಿಗೆ ಸುಳ್ಳು ಹೇಳುವುದು ಕಷ್ಟ. ಕೈಸನ್ನೆ ಮಾಡಿ, ತುಟಿ ಬಿಡಿಸಿ, ನಿಧಾನವಾಗಿ ಎಲ್ಲ ಹೇಳಿದಳು. ದೂರದ ದೀಪಕ್ಕೆ ಕಾದದ್ದು, ಅದು ತಡವಾಗಿ ಬಂದದ್ದು, ಬಾಗಿಲು ಮುಚ್ಚಿದ್ದು, ಇಷ್ಟು ವರ್ಷದ ಕೆಲಸ ಕಪಾಟು ಸೇರಿದ್ದು. ಕೊನೆಗೆ ಕೋಪ ಬಂತು. ಬಂದದ್ದು ಅಜ್ಜನ ಮೇಲೆಯೇ. ಎಲ್ಲ ನಿಮ್ಮಿಂದ, ನೀವು ಕಲಿಸಿದ್ದರಿಂದ ಎಂದಳು. ಅಲ್ಲಿ ಯಾರೂ ಇಲ್ಲದ ದೀಪಕ್ಕೆ ನೀವು ಕಾಯುತ್ತೀರಿ, ಅದು ಪಂಚಾಯತಿನ ಲೈಟು ಎಂದು ಬಾಯಿಂದ ಜಾರಿಯೇ ಹೋಯಿತು. ಒಳಗೆ ಉಮ್ಮನ ಕೈಯಿಂದ ಸೌಟು ಬಿತ್ತು.

ಅಜ್ಜ ಅವಳನ್ನೇ ನೋಡುತ್ತಿದ್ದರು. ಮುಖದಲ್ಲಿ ಆಶ್ಚರ್ಯವೂ ಇಲ್ಲ, ದುಃಖವೂ ಇಲ್ಲ.

"ಅದು ನಂಗೆ ಗೊತ್ತುಂಟು ಮಗಾ. ಬೀಗ ಹಾಕಿದ ದಿನವೇ ಶುಕೂರ್ ಬಂದು ಕೈ ಹಿಡಿದು ಹೇಳಿ ಹೋಗಿದ್ದಾನೆ."

ಮತ್ತೆ ಯಾಕೆ ಕಾಯುತ್ತೀರಿ ಎಂದು ಅವಳು ಕೇಳಿದಳು. ಆ ದಾರಿಯಲ್ಲಿ ಯಾರಾದರೂ ಹೋಗುವವರು ಇರಬಹುದಲ್ಲ, ಈಚೆ ನೋಡುವವರು ಎಂದರು ಅಜ್ಜ, ಇದರಲ್ಲಿ ಕೇಳುವುದಕ್ಕೇನುಂಟು ಎಂಬ ಹಾಗೆ. ಹಾಗಾದರೆ ನಾನು ಮಾಡಿದ್ದು ತಪ್ಪಾ ಎಂದು ಅವಳು ಬಿಡದೆ ಕೇಳಿದಳು. ಆಗಿರಬಹುದು ಎಂದರು. ಅವಳ ಮೊಣಕಾಲ ಮೇಲೆ ಕೈಯಿಟ್ಟರು.

"ಕಾದರೆ ಏನಾದ್ರೂ ಸಿಗ್ತದೆ ಅಂತ ನಾನು ಯಾವತ್ತಾದ್ರೂ ಹೇಳಿದ್ದೇನಾ?"

ಇಲ್ಲ, ಹೇಳಿರಲಿಲ್ಲ. ಶಹಲಾ ಆ ಕೈಯ ಮೇಲೆ ಹಣೆಯಿಟ್ಟು ಸದ್ದು ಮಾಡದೆ ಅತ್ತಳು. ಸದ್ದು ಮಾಡಿದ್ದರೂ ಅಜ್ಜನಿಗೆ ಕೇಳುತ್ತಿರಲಿಲ್ಲ.

ಮರುದಿನ ಭವಿತ್ ಆಫೀಸಿಗೆ ಬಂದ. ಕಣ್ಣೆತ್ತಿ ನೋಡಲೂ ಅವನಿಗೆ ಸಂಕೋಚ. ಕರೆಂಟು ಹೋದೊಡನೆ ಲ್ಯಾಪ್‌ಟಾಪ್ ಕಟ್ಟಿಕೊಂಡು, ಇನ್ವರ್ಟರ್ ಇರುವ ಅಂಗಡಿ ಹುಡುಕುತ್ತಾ ಬೈಕಿನಲ್ಲಿ ಬಂಟ್ವಾಳದ ಕಡೆಗೆ ಹೊರಟನಂತೆ. ದಾರಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಸಿಕ್ಕಿ, ಅಲ್ಲಿ ಕೂತು ಪರದೆ ತೆರೆದನಂತೆ. "ಎಲ್ಲವೂ ಮುಗಿದಿರಬೇಕು, ನನ್ನನ್ನು ಬಿಟ್ಟು ಕಳಿಸಿರುತ್ತಾರೆ ಅಂದುಕೊಂಡಿದ್ದೆ ಶಹಲಕ್ಕ. ನೋಡುವಾಗ ನಿಮ್ಮದೊಂದು ಹಾಗೆಯೇ ಕಾಯ್ತಾ ಇತ್ತು," ಎಂದ. ಆಮೇಲೆ ತನ್ನ ಕುರ್ಚಿಗೆ ಹೋದ. ಶಹಲಾಳಿಗೆ ಆ ಮಾತು ಆಗ ಮನಸ್ಸಿಗಿಳಿಯಲಿಲ್ಲ. ಚಿಪ್ ಹೋದದ್ದು ಹೋಯಿತು, ಈ ಸಮಾಧಾನ ಯಾರಿಗೆ ಬೇಕು ಎನ್ನಿಸಿತು.

ಸಂಬಂಧದ ಮಾತು ಮುಂದುವರಿಯಿತು. ಹಿಶಾಮನ ಮೊಬೈಲಿನಲ್ಲಿ ಒಂದು ದಿನ ಆಗುತ್ತದೆ, ಇನ್ನೊಂದು ದಿನ ಆಗುವುದಿಲ್ಲ. ಚಿಪ್ಪಿನ ಬಗ್ಗೆ ಮಾತ್ರ ಖಚಿತವಾದ ಮಾತು ಬಂತು. ಸಂಬಂಧ ಆದರೂ ಆಗದಿದ್ದರೂ ಅದು ಇನ್ನು ಬೇಡ, ಅದನ್ನು ಬದಿಗಿಟ್ಟು ಬೇರೆ ಕೆಲಸ ಹಿಡಿಯಿರಿ. ಅಂದಿನಿಂದ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಅವಳಿಗೆ ಒಳಗೆ ಹೋಗಲು ದಾರಿ ಸಿಗುತ್ತಿರಲಿಲ್ಲ. ಕಿಟಕಿಯಾಚೆ ಗೇರುಮರಗಳು ಹೂ ಬಿಟ್ಟದ್ದು ಕಾಣುತ್ತಿತ್ತು, ಅಷ್ಟೆ.

ನೋಂಬು ಮುಗಿಯುವುದರೊಳಗೆ ಒಂದು ಸಂಜೆ ಪಂಚಾಯತಿನ ದೀಪವೂ ಕೈಕೊಟ್ಟಿತು. ರಜಾದಿನ, ಶಹಲಾ ಮನೆಯಲ್ಲಿದ್ದಳು. ಮೈಕಿನಲ್ಲಿ ಬಾಂಗ್ ಬಂತು. ಎಲ್ಲರ ಕೈಯಲ್ಲೂ ಖರ್ಜೂರ. ಎದುರು ಗುಡ್ಡೆಯಲ್ಲಿ ಏನೂ ಇಲ್ಲ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. ಜುಲೈಕಾ ಮಾವನ ಎದುರು ಬಂದು, ಹೊತ್ತಾಯಿತು, ಬಿಡಿ ಎಂದು ತುಟಿಯಲ್ಲಿ ಹೇಳಿದರು. ಅಜ್ಜ ತಲೆಯಾಡಿಸಿ, ಯಾರಾದರೂ ಹೋಗಿ ನೋಡಿ ಬನ್ನಿ ಎಂದರು.

ಯಾರನ್ನು ನೋಡಲು? ಶಹಲಾ ಕೇಳಲಿಲ್ಲ. ಕೈಯಲ್ಲಿದ್ದ ಖರ್ಜೂರವನ್ನು ಹಾಗೆಯೇ ಮುಷ್ಟಿಯಲ್ಲಿ ಹಿಡಿದು ಅಂಗಳಕ್ಕಿಳಿದಳು. ಕೊಯ್ಲಾದ ಗದ್ದೆಯ ಕೂಳೆ ಕಾಲಿಗೆ ಚುಚ್ಚಿತು. ತೋಡಿನಲ್ಲಿ ಪಾದ ಮುಳುಗುವಷ್ಟೇ ನೀರು. ಓಡುತ್ತಾ ಏರುತ್ತಾ ಏದುಸಿರು ಬಂತು, ನಾಲಗೆ ಒಣಗಿ ಅಂಟಿಕೊಂಡಿತು. ಮೇಲೆ ಶುಕೂರರ ಮನೆಯ ಅಂಗಳದಲ್ಲಿ ತರಗೆಲೆ, ಬಾಗಿಲಿಗೆ ತುಕ್ಕು ಹಿಡಿದ ಬೀಗ. ಕಟ್ಟೆ ಇನ್ನೂ ಇತ್ತು. ಅವಳು ಅದರ ಮೇಲೆ ಹತ್ತಿ ನಿಂತು ಈಚೆಗೆ ತಿರುಗಿದಳು.

ಹುಟ್ಟಿದಂದಿನಿಂದ ನೋಡಿದ ಊರನ್ನು ಅವಳು ಈ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ. ಬಾಂಗ್ ಮುಗಿದ ಮೈಕಿನ ಗೊರಗೊರ ಗಾಳಿಯಲ್ಲಿ ಚೂರುಚೂರಾಗಿ ಬಂತು. ಪಳ್ಳಿಯ ಹಸಿರು ಟ್ಯೂಬ್‌ಲೈಟು ಬೆರಳುಗುರಿನಷ್ಟು. ತಮ್ಮ ಮನೆಯ ಜಗಲಿ, ಅದರಲ್ಲಿ ಸಾಲಾಗಿ ಕೂತ ಸಣ್ಣ ಸಣ್ಣ ಆಕಾರಗಳು, ನಡುವೆ ಬಿಳಿ ಅಂಗಿಯ ಅಜ್ಜ. ಯಾರೂ ತಿನ್ನುತ್ತಿರಲಿಲ್ಲ. ಎಲ್ಲರೂ ಈ ಕಡೆಗೇ ಮುಖ ಮಾಡಿ, ಅವಳಿಗಾಗಿ, ಕತ್ತಲಲ್ಲಿ ಕಾಣದ ಅವಳಿಗಾಗಿ ಕಾಯುತ್ತಿದ್ದರು. ಜೆರಾಕ್ಸ್ ಅಂಗಡಿಯಲ್ಲಿ ಕೂತ ಭವಿತ್ ಏನು ನೋಡಿದನೆಂದು ಶಹಲಾಳಿಗೆ ಆಗ ಗೊತ್ತಾಯಿತು.

ಮೊಬೈಲಿನ ಟಾರ್ಚ್ ಹಾಕಿ ತಲೆಯ ಮೇಲೆತ್ತಿ ಹಿಡಿದಳು.

ಆಚೆ ಬಿಳಿ ಅಂಗಿಯ ತೋಳು ಮೇಲೆದ್ದಿತು. ಅದರ ಜೊತೆಗೆ ಎಲ್ಲ ಕೈಗಳೂ ಎದ್ದವು. ಅವಳೂ ಮುಷ್ಟಿ ಬಿಚ್ಚಿ, ಬೆವರಿಗೆ ಮೆತ್ತಗಾಗಿದ್ದ ಖರ್ಜೂರವನ್ನು ಅದೇ ಗಳಿಗೆಗೆ ಬಾಯಿಗಿಟ್ಟಳು. ಹತ್ತಿರದವರು, ದೂರದವರು, ಎಲ್ಲರೂ ಒಟ್ಟಿಗೆ. ಯಾವ ಕಾರ್ಖಾನೆಗೂ ಹೋಗದ ಅವಳ ತಾಳ ಆ ಸಂಜೆ ಗದ್ದೆಯ ಮೇಲಿಂದ ಹಾದು ಎಲ್ಲ ಮೂಲೆಗೂ ಒಂದೇ ಸಲ ಮುಟ್ಟಿತು. ಕಣ್ಣೀರು ಬಾಯಿಗಿಳಿದು ಸಿಹಿಯ ಜೊತೆ ಸೇರಿತು.

ನೀರು ತಂದಿರಲಿಲ್ಲ. ಖರ್ಜೂರದ ಬೀಜವನ್ನು ಶುಕೂರರ ಕಟ್ಟೆಯ ಮೇಲಿಟ್ಟು, ಟಾರ್ಚ್ ಆರಿಸದೆ ಹಿಡಿದುಕೊಂಡೇ ಅವಳು ಗದ್ದೆಗೆ ಇಳಿದಳು.